ಹಾನಗಲ್ಲಿನಲ್ಲಿ ಹುಟ್ಟದ ಹಾನಗಲ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ, ಸಂಗೀತಗಾರರ ದೊಡ್ಡ ಜೀವನಚರಿತ್ರೆ ಬರೆಯುವುದಕ್ಕಿಂತ ಅರ್ಧ ಪುಟದ ಪರಿಚಯ ಬರೆಯುವುದೇ ಕಷ್ಟ ಅಂತ. ಇಷ್ಟೊಂದು ಜನ ಅರ್ಧ ಪುಟ ಬರೆಯಲು ಕೂತು ಒದ್ದಾಡುತ್ತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಾನು ರೇಡಿಯೊದಲ್ಲಿ 26 ವರ್ಷ ಉದ್ಘೋಷಕಿಯಾಗಿದ್ದವಳು. ಹಾಡು ಶುರುವಾಗುವ ಮೊದಲು ಹಾಡುವವರು ಯಾರು ಅಂತ ಒಂದು ದನಿ ಹೇಳುತ್ತದಲ್ಲ, ಆ ದನಿ ನನ್ನದು. ಅದಕ್ಕೆ ಸಿಗುತ್ತಿದ್ದದ್ದು 40 ಸೆಕೆಂಡ್. ಹಬ್ಬದ ದಿನ ಒಂದು ನಿಮಿಷ. ಅಷ್ಟರಲ್ಲಿ ಒಬ್ಬರ ಎಂಬತ್ತು ವರ್ಷದ ಬದುಕು ಹೇಳಬೇಕಿತ್ತು. ಹಾಗಾಗಿ ಈ ವಿಷಯದಲ್ಲಿ ನನಗೆ ತಿಳಿದದ್ದು ಸ್ವಲ್ಪ ಇದೆ. ನಾನೇ ಮಾಡಿದ ತಪ್ಪುಗಳು ಇನ್ನೂ ಜಾಸ್ತಿ ಇವೆ.

ಕಾಲೇಜಿನ ಗೋಡೆಪತ್ರಿಕೆಗೆ ಗಂಗೂಬಾಯಿ ಹಾನಗಲ್ ಅವರ ಪರಿಚಯ ಬರೆಯಬೇಕು. 300 ಪದ. 14 ಪುಟ ಟಿಪ್ಪಣಿ ಮಾಡಿಕೊಂಡಿದ್ದೇನೆ, ಆದರೆ ಮೊದಲ ವಾಕ್ಯವೇ ಕೂರುತ್ತಿಲ್ಲ. ಬರೆದದ್ದನ್ನು ಜೊತೆಗೆ ಕಳಿಸಿದ್ದೇನೆ.
– ವಿದ್ಯಾರ್ಥಿನಿ, ಹಾವೇರಿ

14 ಪುಟ ಮಾಡಿದ್ದೀರಿ ಅಂದರೆ ಮುಕ್ಕಾಲು ಕೆಲಸ ಮುಗಿದಿದೆ. ಉಳಿದದ್ದು ಎಸೆಯುವ ಕೆಲಸ. ಅದೇ ಕಷ್ಟ.

ನೀವು ಬರೆದ ಮೊದಲ ವಾಕ್ಯ ಹೀಗಿದೆ: ‘ಹಿಂದುಸ್ತಾನಿ ಸಂಗೀತ ಲೋಕದ ಧ್ರುವತಾರೆ, ಕನ್ನಡ ನಾಡಿನ ಹೆಮ್ಮೆಯ ಪುತ್ರಿ.’ ಅದರಲ್ಲಿ ಗಂಗೂಬಾಯಿ ಎಲ್ಲಿದ್ದಾರೆ? ಅದೇ ವಾಕ್ಯವನ್ನು ಇನ್ನು ಹತ್ತು ಗಾಯಕಿಯರ ಮೇಲೆ ಹೊದಿಸಬಹುದು, ಎಲ್ಲರಿಗೂ ಸರಿಹೊಂದುತ್ತದೆ. ಬಾಡಿಗೆ ಶಾಲು ಇದ್ದ ಹಾಗೆ. ಸನ್ಮಾನ ಮುಗಿದ ಮೇಲೆ ವಾಪಸ್ ಕೊಡಬೇಕು.

ನಿಮ್ಮ ಟಿಪ್ಪಣಿಯ 9ನೇ ಪುಟದಲ್ಲಿ, ಕೆಳಗೆ, ಒಂದು ಸಾಲಿದೆ ನೋಡಿ. ಗಂಟಲಿನ ಚಿಕಿತ್ಸೆಯ ಬಗ್ಗೆ. ನಿಮ್ಮ ಪರಿಚಯ ಅಲ್ಲಿದೆ ಅಂತ ನನಗನ್ನಿಸುತ್ತದೆ.

ಗಂಗೂಬಾಯಿಯವರ ಮೊದಲ ದಿನಗಳ ಗಾನಮುದ್ರಿಕೆಗಳು 1930ರ ದಶಕದವು. ಅದರಲ್ಲಿರುವುದು ತೆಳುವಾದ, ಮೇಲಿನ ಶ್ರುತಿಯ ಹೆಣ್ಣುದನಿ. ಯಾರ ದನಿ ಅಂತ ಹೇಳದೆ ಕೇಳಿಸಿದರೆ ನೀವು ಗುರುತಿಸುವುದಿಲ್ಲ. 1940ರ ದಶಕದ ಆರಂಭದಲ್ಲಿ ಟಾನ್ಸಿಲ್ ತೊಂದರೆ ಬಂತು, ಚಿಕಿತ್ಸೆ ಆಯಿತು, ದನಿ ಕೆಳಗಿಳಿಯಿತು. ಬರೀ ಇಳಿಯಲಿಲ್ಲ, ದಪ್ಪವಾಯಿತು. ಮುಖ ನೋಡದೆ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳುವಷ್ಟು. ಹಾಡಿ ಬದುಕುವವರಿಗೆ ಇರುವ ಆಸ್ತಿಯೇ ದನಿ. ಸುಮಾರು ಮೂವತ್ತರ ವಯಸ್ಸಿಗೆ ಆ ಆಸ್ತಿ ಬದಲಾಗಿಹೋಯಿತು. ಮಕ್ಕಳಿದ್ದಾರೆ, ಮನೆ ನಡೆಸಬೇಕು. ಅವರು ಹಳೆಯ ದನಿಗಾಗಿ ಅಳುತ್ತಾ ಕೂರಲಿಲ್ಲ. ಬಂದ ದನಿಗೆ ತಕ್ಕ ಹಾಡುಗಾರಿಕೆ ಕಟ್ಟಿಕೊಂಡರು. ಇವತ್ತು ನಾವು ಯಾವ ದನಿಯನ್ನು ಗಂಗೂಬಾಯಿ ಅನ್ನುತ್ತೇವೋ ಅದು ಆ ಎರಡನೆಯ ದನಿ.

ಇದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಅಲ್ವಾ? ‘ಗಂಗೂಬಾಯಿ ಹಾನಗಲ್ ಅವರಿಗೆ ಎರಡು ದನಿ ಇದ್ದವು’ ಅಂತ ಶುರು ಮಾಡಿ ನೋಡಿ. ಓದಿದವರು ಎರಡನೇ ವಾಕ್ಯಕ್ಕೆ ಬಂದೇ ಬರುತ್ತಾರೆ. ಮುಗಿಸಿದ ಮೇಲೆ ಮೊಬೈಲು ತೆಗೆದು ಎರಡೂ ದನಿ ಹುಡುಕುತ್ತಾರೆ. ಪರಿಚಯ ಬರೆಯುವುದು ಅದಕ್ಕೇ. ಓದುವವರ ಕೈ ರೇಡಿಯೊ ಗುಂಡಿಯ ಕಡೆ ಹೋಗಬೇಕು.

ಇನ್ನೊಂದು ಚಿತ್ರ ನಿಮ್ಮ 5ನೇ ಪುಟದಲ್ಲಿದೆ. ಗುರು ಸವಾಯಿ ಗಂಧರ್ವರು ಕುಂದಗೋಳದಲ್ಲಿ. ಗಂಗೂಬಾಯಿ ಹುಬ್ಬಳ್ಳಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರ್ ರೈಲುದಾರಿ. ರೈಲು ಹತ್ತಿ ಹೋಗಿ ಪಾಠ ಹೇಳಿಸಿಕೊಂಡು ರೈಲಿನಲ್ಲೇ ವಾಪಸ್. ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದ ಒಬ್ಬ ಹುಡುಗ ಅವರನ್ನು ಸ್ಟೇಷನ್ ತನಕ ಬಿಡಲು ಬರುತ್ತಿದ್ದ. ದಾರಿಯುದ್ದಕ್ಕೂ ಇವತ್ತು ಏನು ಹೇಳಿಕೊಟ್ಟರು ಅಂತ ಕೇಳುತ್ತಿದ್ದ. ಆ ಹುಡುಗ ಭೀಮಸೇನ ಜೋಶಿ. ಇಬ್ಬರೂ ಕುಂದಗೋಳ ಸ್ಟೇಷನ್ ದಾರಿಯಲ್ಲಿ ಗುನುಗುತ್ತಾ ನಡೆಯುತ್ತಿದ್ದಾರೆ, ಊರಿನವರಿಗೆ ಅವರು ಯಾರು ಅಂತಲೂ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಫೋಟೊ ಬೇಕಾ?

ಈ ಎರಡಕ್ಕೆ 150 ಪದ ಕೊಡಿ. ಉಳಿದ 150ರಲ್ಲಿ ಉಳಿದದ್ದೆಲ್ಲ. ಪ್ರಶಸ್ತಿಗಳಿಗೆ ಒಂದೇ ಸಾಲು: 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಸಾಕು. ನೀವು 23 ಪ್ರಶಸ್ತಿ ಪಟ್ಟಿ ಮಾಡಿದ್ದೀರಿ, ಅದನ್ನು ಯಾರೂ ಓದುವುದಿಲ್ಲ. ಆದರೆ ಗುರುಗಳ ಹೆಸರು ಮಾತ್ರ ಬಿಡಬೇಡಿ. ಸಂಗೀತದವರ ಲೆಕ್ಕದಲ್ಲಿ ಪ್ರಶಸ್ತಿ ಬಿಟ್ಟರೆ ಮರೆವು, ಗುರುವಿನ ಹೆಸರು ಬಿಟ್ಟರೆ ಅಪರಾಧ. ಸವಾಯಿ ಗಂಧರ್ವರಿಗಿಂತ ಮೊದಲು ಹುಲಗೂರ ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯಿಯವರು ಹೇಳಿಕೊಟ್ಟಿದ್ದರು. ಆ ಎರಡು ಹೆಸರಿಗೆ ಐದಾರು ಪದ ಹೋಗಲಿ.

ನಮ್ಮ ಶಾಲೆಯ ಮಕ್ಕಳು ಧಾರವಾಡ ಸೀಮೆಯ ಗಾಯಕರ ಪರಿಚಯ ಬರೆಯುತ್ತಿದ್ದಾರೆ. ಒಂದೊಂದು ಕಡೆ ಒಂದೊಂದು ಊರು, ಒಂದೊಂದು ಇಸವಿ. ಯಾವುದನ್ನು ನಂಬುವುದು?
– ಶಿಕ್ಷಕರು, ಗದಗ

ಗುರುಗಳೇ, ಮೊದಲು ನನ್ನ ತಪ್ಪು ಕೇಳಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಬೆಳಗಿನ ಪ್ರಸಾರ. ಗಂಗೂಬಾಯಿಯವರ ಒಂದು ಧ್ವನಿಮುದ್ರಿಕೆ ಹಾಕುವ ಮೊದಲು ‘ಹಾನಗಲ್ಲಿನಲ್ಲಿ ಹುಟ್ಟಿದ ಗಂಗೂಬಾಯಿ’ ಅಂದುಬಿಟ್ಟೆ. ಹೆಸರೇ ಹಾನಗಲ್ ಅಲ್ವಾ, ಮತ್ತೆಲ್ಲಿ ಹುಟ್ಟುತ್ತಾರೆ ಅಂತ. ಆ ವಾರ ಒಂಬತ್ತು ಪೋಸ್ಟ್‌ಕಾರ್ಡ್ ಬಂದವು. ಒಂದರಲ್ಲಿ ನಮಸ್ಕಾರವೂ ಇಲ್ಲ, ಸಹಿಯೂ ಇಲ್ಲ. ನಡುವೆ ದೊಡ್ಡದಾಗಿ ಒಂದೇ ಪದ: ‘ಶುಕ್ರವಾರಪೇಟಿ.’

ಅವರು ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, 1913ರ ಮಾರ್ಚ್ 5ರಂದು. ಹಾನಗಲ್ ಮನೆತನದಿಂದ ಬಂದ ಹೆಸರು. ಬದುಕಿದ್ದು ಹುಬ್ಬಳ್ಳಿಯಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಮಾತ್ರ ಹೆಸರಿಗೆ ತಕ್ಕಂತೆ ಧಾರವಾಡದ ಹತ್ತಿರದ ಮನಸೂರಿನಲ್ಲೇ ಹುಟ್ಟಿದವರು. ಭೀಮಸೇನರನ್ನು ಎಲ್ಲರೂ ಗದಗಿನವರು ಅನ್ನುತ್ತಾರೆ. ನೀವು ಗದಗಿನವರು, ನಿಮಗೆ ಬೇಜಾರಾಗಬಹುದು, ಆದರೆ ಹುಟ್ಟಿದ ಊರು ರೋಣ. 1922ರ ಫೆಬ್ರವರಿ 4. ಇನ್ನು ಹಾನಗಲ್ಲಿನವರು ನಮಗೆ ಯಾರೂ ಉಳಿಯಲಿಲ್ಲ ಅಂತ ಕೊರಗಬೇಕಿಲ್ಲ. ನಿಮ್ಮ ಗದಗಿನ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ ತಾಲ್ಲೂಕಿನವರೇ. ಲೆಕ್ಕ ಸರಿಹೋಯಿತು.

ಮಕ್ಕಳಿಗೆ ಜಿಲ್ಲೆಯ ವಿಷಯ ಒಂದು ಹೇಳಿಕೊಡಿ. ಗದಗ, ಹಾವೇರಿ ಎರಡೂ 1997ರಲ್ಲಿ ಧಾರವಾಡದಿಂದ ಬೇರೆಯಾದವು. ಹಾಗಾಗಿ ಹಳೆಯ ಪುಸ್ತಕದಲ್ಲಿ ‘ಧಾರವಾಡ ಜಿಲ್ಲೆ ರೋಣ’ ಅಂತಲೂ ಹೊಸದರಲ್ಲಿ ‘ಗದಗ ಜಿಲ್ಲೆ ರೋಣ’ ಅಂತಲೂ ಇದ್ದರೆ ಎರಡೂ ಸರಿ. ಮಗು ಅದನ್ನು ತಪ್ಪು ಅಂದುಕೊಂಡು ಗಾಬರಿಯಾಗುತ್ತದೆ. 1913ರಲ್ಲಿ ಧಾರವಾಡ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ‘ಕರ್ನಾಟಕ ರಾಜ್ಯದಲ್ಲಿ ಹುಟ್ಟಿದರು’ ಅಂತ ಬರೆಯುವುದರ ಬದಲು ‘ಇಂದಿನ’ ಅನ್ನುವ ಮೂರಕ್ಷರ ಸೇರಿಸಿದರೆ ಮುಗಿಯಿತು.

ಇಸವಿ ಎಡವುವುದಕ್ಕೆ ಮನ್ಸೂರರದೇ ಒಳ್ಳೆಯ ಉದಾಹರಣೆ. 1910ರ ಡಿಸೆಂಬರ್ 31 ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ಕೆಲವು ಕಡೆ 1911 ಅಂತ ಇರುತ್ತದೆ. ವರ್ಷದ ಕೊನೆಯ ದಿನ ಹುಟ್ಟಿದವರ ಪಾಡೇ ಅದು. ಇನ್ನೊಂದು ಗುಂಡಿ: ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12. ಮನ್ಸೂರರು 1992ರ ಸೆಪ್ಟೆಂಬರ್ 12. ಸರಿಯಾಗಿ 40 ವರ್ಷದ ಅಂತರ. ಅವಸರದಲ್ಲಿ ನಕಲು ಮಾಡಿದರೆ ಒಬ್ಬರ ಇಸವಿ ಇನ್ನೊಬ್ಬರಿಗೆ ಹೋಗಿ ಕೂರುತ್ತದೆ. ನನ್ನ ಪದ್ಧತಿ ಹಳೆಯದು. ಒಂದು ತಾರೀಖನ್ನು ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಡೆ ನೋಡುತ್ತೇನೆ. ಒಂದೇ ಬರಹವನ್ನು ಹತ್ತು ಜನ ನಕಲು ಮಾಡಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ. ಎರಡು ಕಡೆ ಕೂಡಿಬರದಿದ್ದರೆ ತಾರೀಖು ಬಿಟ್ಟು ದಶಕ ಬರೆಯುತ್ತೇನೆ.

ಪಂಡಿತ್, ವಿದುಷಿ, ಡಾಕ್ಟರ್, ಗಾನ ಅದು, ಗಾನ ಇದು... ಹೆಸರಿನ ಮುಂದೆ ಎಷ್ಟು ಹಾಕಬೇಕು? ಬಿಟ್ಟರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ.
– ಓದುಗರು, ದಾವಣಗೆರೆ

ಒಮ್ಮೆ ಹಾಕಿ. ಮೊದಲ ಸಲ ಹೆಸರು ಬರುವಾಗ. ಆಮೇಲೆ ಬರೀ ಹೆಸರು, ಜೊತೆಗೆ ‘ಅವರು’ ಇದ್ದೇ ಇದೆಯಲ್ಲ. ಕನ್ನಡದಲ್ಲಿ ಗೌರವ ಕ್ರಿಯಾಪದದ ಬಾಲದಲ್ಲೇ ಇರುತ್ತದೆ.

ಗಂಗೂಬಾಯಿಯವರ ವಿಷಯಕ್ಕೆ ಬಂದರೆ ಇನ್ನೂ ಒಂದು ಮಾತಿದೆ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ ಆಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಅಂತ ಅವರು ಹೇಳುತ್ತಿದ್ದರು. ಅದನ್ನು ಓದಿದ ಮೇಲೆ ‘ವಿದುಷಿ’ ಅನ್ನುವುದನ್ನು ನಾನು ಒಮ್ಮೆ ಅಲ್ಲ, ಒತ್ತಿ ಒಮ್ಮೆ ಹೇಳುತ್ತಿದ್ದೆ. ಆದರೆ ‘ಬಾಯಿ’ ಕತ್ತರಿಸಿ ‘ಗಂಗೂ ಹಾನಗಲ್’ ಮಾಡಲು ಹೋಗಬೇಡಿ. ಆ ಹೆಸರನ್ನು ಅವರೇ ಎತ್ತರಕ್ಕೆ ಒಯ್ದಿದ್ದಾರೆ.

ಹೆಸರಿನ ಬಗ್ಗೆಯೇ ಒಂದು ಸಣ್ಣ ಸುಳಿವು. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳ ಮೇಲೆ ನಿಮಗೆ ಗಂಗೂಬಾಯಿ ಸಿಗಲಿಕ್ಕಿಲ್ಲ. ‘ಗಾಂಧಾರಿ’ ಅಂತ ಹುಡುಕಿ. ಅದು ಅವರ ಮೊದಲಿನ ಹೆಸರು. ಗಂಧಾರ ಅನ್ನುವುದು ಸ್ವರದ ಹೆಸರು, ಗಾಂಧಾರಿ ಅನ್ನುವುದು ಹುಡುಗಿಯ ಹೆಸರು. ಇಂಥದ್ದನ್ನು ಕಥೆಗಾರ ಕಟ್ಟಿದರೆ ಜಾಸ್ತಿಯಾಯಿತು ಅನ್ನುತ್ತೇವೆ.

ನನಗೆ ಸಂಗೀತ ಬರುವುದಿಲ್ಲ. ರಾಗ ಗುರುತಿಸಲು ಆಗುವುದಿಲ್ಲ. ಆದರೂ ಬರೆಯಬಹುದಾ?
– ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಬರೆಯಬಹುದು. ರಾಗ ಗುರುತಿಸಲು ಬರುವವರು ಬರೆದದ್ದನ್ನು ಓದಿದ್ದೀರಲ್ಲ, ಅರ್ಥವಾಯಿತಾ?

ಆದರೆ ಕೇಳದೆ ಬರೆಯಬೇಡಿ. ಇದೊಂದು ಕಟ್ಟುನಿಟ್ಟು. ಒಂದು ಭಾನುವಾರ ಬೆಳಿಗ್ಗೆ ಕೂತು ಭೈರವ ಕೇಳಿ, ಸಂಜೆ ಶುದ್ಧ ಕಲ್ಯಾಣ ಕೇಳಿ, ರಾತ್ರಿ ಚಂದ್ರಕೌಂಸ್ ಕೇಳಿ. ಎಲ್ಲ ಗಂಗೂಬಾಯಿಯವರದೇ. ಕೇಳುವಾಗ ಮನಸ್ಸಿಗೆ ಬಂದದ್ದನ್ನು ಅಡುಗೆಮನೆ ಕನ್ನಡದಲ್ಲಿ ಬರೆದುಕೊಳ್ಳಿ. ‘ಆಳವಾದ ಭಾವಪೂರ್ಣತೆ’ ಅಂತ ಬರೆದರೆ ಹೊಡೆದುಹಾಕಿ. ನಾನು ಒಮ್ಮೆ ಬರೆದುಕೊಂಡದ್ದು ಹೀಗಿತ್ತು: ‘ಒಂದು ಸ್ವರದ ಮೇಲೆ ನಿಂತರೆ ಕಂಬ ನೆಟ್ಟ ಹಾಗೆ. ಮುಂದಿನ ಸ್ವರಕ್ಕೆ ಅವಸರ ಇಲ್ಲ. ಅಲಂಕಾರ ಕಮ್ಮಿ.’ ಇದನ್ನು ಒಬ್ಬ ಹಿರಿಯ ವಾದಕರಿಗೆ ತೋರಿಸಿದೆ, ನಗುತ್ತಾರೇನೋ ಅಂತ ಹೆದರಿಕೊಂಡು. ಅವರು ‘ಕಿರಾಣಾ ಅಂದ್ರ ಅಷ್ಟಽ ನೋಡ್ರಿ’ ಅಂದರು. ಕಿರಾಣಾ ಅಂದರೆ ಗಂಗೂಬಾಯಿಯವರ ಘರಾಣೆ, ಗುರುವಿನಿಂದ ಶಿಷ್ಯರಿಗೆ ಬಂದ ಹಾಡುಗಾರಿಕೆಯ ಪರಂಪರೆ.

ಇನ್ನೊಂದು ಅಭ್ಯಾಸ ಹೇಳುತ್ತೇನೆ. 78 ಸುತ್ತಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಒಂದು ಗಂಟೆ ಹಾಡುವ ರಾಗವನ್ನು ಗಾಯಕರು ಮೂರು ನಿಮಿಷಕ್ಕೆ ಇಳಿಸುತ್ತಿದ್ದರು. ಹೇಗೆ ಇಳಿಸಿದರು ಅಂತ ಕಿವಿಗೊಟ್ಟು ಕೇಳಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತುರುಕಲಿಲ್ಲ. ರಾಗದ ಮುಖ ಯಾವುದೋ ಅದನ್ನು ಮೊದಲ ಅರ್ಧ ನಿಮಿಷದಲ್ಲೇ ತೋರಿಸಿಬಿಡುತ್ತಿದ್ದರು. ಅರ್ಧ ಪುಟದ ಪರಿಚಯಕ್ಕೆ ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗಲಿಲ್ಲ.

ನೆನಪಾಯಿತು. ನಮ್ಮ ದೇಶದಲ್ಲಿ ಅತಿ ಚಿಕ್ಕ ಪರಿಚಯ ಕೊಟ್ಟವರು ಗಾಯಕಿ ಗೌಹರ್ ಜಾನ್. 1902ರಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಣವಾದಾಗ ಹಾಡಿನ ಕೊನೆಗೆ ‘ನನ್ನ ಹೆಸರು ಗೌಹರ್ ಜಾನ್’ ಅಂತ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡು ಅಂತ ತಿಳಿಯಬೇಕಲ್ಲ. ಅವರ ಕೊನೆಯ ದಿನಗಳು ಕಳೆದದ್ದು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಕಲ್ಕತ್ತದಿಂದ ಮೈಸೂರಿಗೆ ಬಂದ ಆ ದಾರಿಯ ಬಗ್ಗೆ ಮೈಸೂರಿನ ಯಾರಾದರೂ ಒಂದು ಪುಟ ಬರೆದು ಕಳಿಸಿದರೆ ಸಂತೋಷ.

ಗಂಗೂಬಾಯಿಯವರ ಬದುಕಿನಲ್ಲಿ ಜಾತಿ, ಮನೆತನ, ಮದುವೆ ಅಂತ ಸೂಕ್ಷ್ಮ ವಿಷಯಗಳಿವೆ. ಸ್ಮರಣ ಸಂಚಿಕೆಗೆ ಬರೆಯುವಾಗ ಅವನ್ನು ಬಿಟ್ಟುಬಿಡುವುದು ಒಳ್ಳೆಯದಲ್ವಾ?
– ಓದುಗರು, ಶಿವಮೊಗ್ಗ

ಬಿಟ್ಟರೆ ಏನು ಉಳಿಯುತ್ತದೆ ಹೇಳಿ. ಹುಟ್ಟಿದರು, ಹಾಡಿದರು, ಪ್ರಶಸ್ತಿ ಬಂತು.

ನನ್ನ ನಿಯಮ ಒಂದೇ. ಅವರು ತಾವೇ ಬಾಯಿ ಬಿಟ್ಟು ಹೇಳಿಕೊಂಡದ್ದನ್ನು ನಾವು ಮುಚ್ಚಿಡಬೇಕಿಲ್ಲ. ಅವರು ಹೇಳದೆ ಬಿಟ್ಟದ್ದನ್ನು ನಾವು ಕೆದಕಬೇಕಿಲ್ಲ. ಗಂಗೂಬಾಯಿಯವರ ಆತ್ಮಕಥೆ ಇದೆ, ಸಂದರ್ಶನಗಳಲ್ಲಿ ಮಾತಾಡಿದ್ದಾರೆ. ಹಾಡಲು ಹೋಗುವ ಹುಡುಗಿಯನ್ನು ಬೀದಿಯಲ್ಲಿ ‘ಗಾನೇವಾಲಿ’ ಅಂತ ಅಣಕಿಸುತ್ತಿದ್ದರು ಅನ್ನುವುದು ಅವರೇ ಹೇಳಿದ ಮಾತು. ಅಜ್ಜಿ ಕಮಲಾಬಾಯಿ, ತಾಯಿ ಅಂಬಾಬಾಯಿ ಹಾಡುವ ಮನೆತನದವರು. ತಂದೆ ಚಿಕ್ಕೂರಾವ್ ನಾಡಿಗೇರ. ಬಾಳಸಂಗಾತಿ ವಕೀಲರಾಗಿದ್ದ ಗುರುರಾವ್ ಕೌಲಗಿ. ಇಷ್ಟನ್ನು ನೇರವಾಗಿ ಹೇಳಿ. ‘ಕಡುಕಷ್ಟದ ಕುಲುಮೆಯಲ್ಲಿ ಬೆಂದ ಬಂಗಾರ’ ಅಂತೆಲ್ಲ ಬೇಡ. ಅಯ್ಯೋ ಪಾಪ ಅನ್ನಿಸುವ ಹಾಗೂ ಬೇಡ. ಅವರ ದನಿ ಕೇಳಿದವರಿಗೆ ಗೊತ್ತು, ಅದರಲ್ಲಿ ಅಯ್ಯೋ ಪಾಪ ಇಲ್ಲ.

ನನಗೆ ಈ ಭಾಗದಲ್ಲಿ ತುಂಬ ಕಾಡುವವರು ಅಂಬಾಬಾಯಿ. ಅವರದು ಕರ್ನಾಟಕ ಸಂಗೀತ. ಒಳ್ಳೆಯ ಹಾಡುಗಾರ್ತಿ. ಮಗಳಿಗೆ ಹಿಂದುಸ್ತಾನಿ ಕಡೆ ಒಲವು. ಅವಳ ಕಿವಿಯಲ್ಲಿ ಎರಡೂ ಬೆರೆಯಬಾರದು ಅಂತ ತಾವು ಹಾಡುವುದನ್ನೇ ನಿಲ್ಲಿಸಿದರಂತೆ. 1928ರಲ್ಲಿ ಮಗಳ ಕಲಿಕೆಗಾಗಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಸಂಸಾರ ಎತ್ತಿಕೊಂಡು ಬಂದರು. ನಾಲ್ಕು ವರ್ಷಕ್ಕೆ, 1932ರಲ್ಲಿ, ತೀರಿಕೊಂಡರು. ಮಗಳ ಹೆಸರು ದೊಡ್ಡದಾದದ್ದನ್ನು ನೋಡಲಿಲ್ಲ. ಪರಿಚಯಗಳಲ್ಲಿ ಇವರಿಗೆ ಸಿಗುವುದು ‘ತಾಯಿ ಅಂಬಾಬಾಯಿ’ ಅನ್ನುವ ಎರಡು ಪದ. ಇನ್ನೊಂದು ಹತ್ತು ಪದ ಕೊಡಿ, ಪ್ರಶಸ್ತಿಗಳಿಂದ ಕಿತ್ತುಕೊಂಡು.

ಆ ಕಡೆ ಅಂಬಾಬಾಯಿ, ಈ ಕಡೆ ಮಗಳು ಕೃಷ್ಣಾ. ದಶಕಗಳ ಕಾಲ ವೇದಿಕೆಯಲ್ಲಿ ತಾಯಿಯ ಹಿಂದೆ ಕೂತು ದನಿಗೂಡಿಸಿದವರು. ತಬಲಾದಲ್ಲಿ ಶೇಷಗಿರಿ ಹಾನಗಲ್. 2004ರಲ್ಲಿ ಕೃಷ್ಣಾ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿಯವರ ಕೊನೆಯ ಕಛೇರಿ 2006ರಲ್ಲಿ. ಈ ಎರಡು ವಾಕ್ಯವನ್ನು ಅಕ್ಕಪಕ್ಕ ಇಟ್ಟು ಸುಮ್ಮನಿರಿ. ನಡುವೆ ಏನೂ ತುಂಬಬೇಡಿ.

ದುಬೈಯಲ್ಲಿ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಪರಿಚಯ ಓದಿ ಹೇಳಬೇಕು. ‘ಕಿರಾಣಾ ಘರಾಣೆ’ ಅಂದಕೂಡಲೇ ಕಿರಾಣಿ ಅಂಗಡಿಯಾ ಅಂತ ಕೇಳುತ್ತಾರೆ. ಹೇಗೆ ವಿವರಿಸಲಿ?
– ಓದುಗರು, ದುಬೈ

ನಕ್ಕು ನಕ್ಕು ಸಾಕಾಯಿತು. ಮಕ್ಕಳಿಗೆ ಹೇಳಿ, ಅಂಗಡಿ ಅಲ್ಲ, ಊರು. ಉತ್ತರಪ್ರದೇಶದ ಕೈರಾನಾ ಅನ್ನುವ ಊರಿನಿಂದ ಬಂದ ಹೆಸರು. ಆ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೈಸೂರು ಅರಮನೆಗೆ ಹಾಡಲು ಬರುತ್ತಿದ್ದರು. ದಾರಿಯಲ್ಲಿ ಧಾರವಾಡ. ಅಲ್ಲಿ ಅವರ ಸೋದರನ ಮನೆ. ಬಂದಾಗ ತಂಗುತ್ತಿದ್ದರು, ಹಾಡುತ್ತಿದ್ದರು, ಹೇಳಿಕೊಡುತ್ತಿದ್ದರು. ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ, ಭೀಮಸೇನ, ಬಸವರಾಜ ರಾಜಗುರು ಎಲ್ಲ ಸವಾಯಿ ಗಂಧರ್ವರ ಬಳಿ ಕಲಿತವರು. ಉತ್ತರದ ಒಂದು ಊರಿನ ಹಾಡುಗಾರಿಕೆ ಕನ್ನಡದ ಮನೆಗಳಲ್ಲಿ ಬೇರು ಬಿಟ್ಟದ್ದು ಹೀಗೆ, ಮೈಸೂರಿಗೆ ಹೋಗುವ ದಾರಿಯಲ್ಲಿ.

ಅಂದಹಾಗೆ ಈ ಕಿರಾಣಾ ಕಥೆಯಲ್ಲಿ ರೈಲು ಜಾಸ್ತಿ. ಭೀಮಸೇನರು 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದವರು. ಗಂಗೂಬಾಯಿಯವರದು ಕುಂದಗೋಳದ ರೈಲು. ಕರೀಂ ಖಾನರು 1937ರಲ್ಲಿ ಕೊನೆಯುಸಿರೆಳೆದದ್ದೂ ಮದ್ರಾಸು ಕಡೆಯ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ. ಮಕ್ಕಳಿಗೆ ಘರಾಣೆಯ ವ್ಯಾಖ್ಯಾನ ಹೇಳುವ ಬದಲು ಈ ರೈಲುಗಳ ಕಥೆ ಹೇಳಿ, ಆಮೇಲೆ ಎರಡು ನಿಮಿಷ ಆಲಾಪ ಕೇಳಿಸಿ.

ಸಭೆಯಲ್ಲಿ ಓದುವ ಪರಿಚಯ ಎಷ್ಟು ಉದ್ದ ಇರಬೇಕು?
– ನಿರೂಪಕರು, ಉಡುಪಿ

ತಂಬೂರಿಯ ಶ್ರುತಿ ಇಳಿಯುವುದರೊಳಗೆ ಮುಗಿಯಬೇಕು. ನಿವೃತ್ತಿಯಾದ ಮೇಲೆ ಒಂದು ಊರಿನ ಸಂಗೀತೋತ್ಸವಕ್ಕೆ ಒಬ್ಬ ಹಿರಿಯ ಗಾಯಕರ ಪರಿಚಯ ಬರೆದುಕೊಟ್ಟೆ. ರೇಡಿಯೊದ 40 ಸೆಕೆಂಡಿನ ಸೇಡು ತೀರಿಸಿಕೊಳ್ಳುವವಳ ಹಾಗೆ ನಾಲ್ಕು ಪುಟ. ನಿರೂಪಕರು ಅದನ್ನು ಭಾವ ತುಂಬಿ 11 ನಿಮಿಷ ಓದಿದರು. ಗಾಯಕರು ಕಣ್ಣು ಮುಚ್ಚಿ ಕೂತಿದ್ದರು. ಜನ ಅದನ್ನು ಧ್ಯಾನ ಅಂದುಕೊಂಡರು. ಕೊನೆಗೆ ತಬಲಾದವರ ಕಡೆ ವಾಲಿ, ಮೈಕ್ ಇರುವುದು ಮರೆತು, ‘ಇನ್ನ ನಾ ಹಾಡ್ಲೋ, ಅವರಽ ಹಾಡ್ತಾರೋ?’ ಅಂದರು. ಸಭೆಗೆಲ್ಲ ಕೇಳಿಸಿತು. ನಾನು ಎರಡನೇ ಸಾಲಿನಲ್ಲಿದ್ದೆ.

ಒಂದೂವರೆ ನಿಮಿಷ. ಅಂದರೆ ಕನ್ನಡದಲ್ಲಿ ಸುಮಾರು 120 ಪದ. ಹಾವೇರಿಯ ಹುಡುಗಿಗೂ ಸಹಾಯವಾಗಲಿ ಅಂತ ಆ ಅಳತೆಯೊಳಗೆ ಒಂದು ಬರೆದಿದ್ದೇನೆ. ನಕಲು ಮಾಡಬೇಡಮ್ಮಾ, ನಿನ್ನದು ನಿನ್ನ ಕಿವಿಯಿಂದ ಬರಲಿ.

‘ವಿದುಷಿ ಗಂಗೂಬಾಯಿ ಹಾನಗಲ್ ಅವರಿಗೆ ಎರಡು ದನಿ ಇದ್ದವು. ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಮೊದಲ ಮುದ್ರಿಕೆಗಳಲ್ಲಿ ತೆಳುವಾದ ಹುಡುಗಿಯ ದನಿ. ಗಂಟಲಿನ ಚಿಕಿತ್ಸೆಯ ನಂತರ ಬಂದದ್ದು ನಮಗೆಲ್ಲ ಗೊತ್ತಿರುವ ಭಾರದ ದನಿ. ಹುಟ್ಟಿದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ, 1913ರಲ್ಲಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದಾಗ ವಯಸ್ಸು 11. ಮಗಳು ಹಿಂದುಸ್ತಾನಿ ಕಲಿಯಲೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತ ಬಿಟ್ಟರು, ಊರು ಬಿಟ್ಟರು. ಹುಲಗೂರ ಕೃಷ್ಣಾಚಾರ್ಯ, ದತ್ತೋಪಂತ ದೇಸಾಯಿ ಅವರಲ್ಲಿ ಮೊದಲ ಪಾಠ. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು, ಸವಾಯಿ ಗಂಧರ್ವರ ಮನೆ. ವಾಪಸ್ ಸ್ಟೇಷನ್ನಿಗೆ ಬಿಡಲು ಬರುತ್ತಿದ್ದ ಹುಡುಗ ಭೀಮಸೇನ ಜೋಶಿ. ಒಂದು ಸ್ವರದ ಮೇಲೆ ನಿಂತರೆ ಅವಸರವಿಲ್ಲದೆ ನಿಲ್ಲುವುದು ಅವರ ಹಾಡಿನ ಗುರುತು. ಪಕ್ಕದಲ್ಲಿ ಸದಾ ಮಗಳು ಕೃಷ್ಣಾ ಇದ್ದರು. ಪದ್ಮವಿಭೂಷಣ ಬಂದದ್ದು 2002ರಲ್ಲಿ. ಹುಬ್ಬಳ್ಳಿಯಲ್ಲಿ ತೀರಿಕೊಂಡದ್ದು 2009ರ ಜುಲೈ 21ರಂದು. ಈಗ ಅವರ ಚಂದ್ರಕೌಂಸ್.’

ಪರಿಚಯ ಬರೆದುಕೊಡಿ ಅಂತ ಎಲ್ಲರೂ ಕೇಳುತ್ತಾರೆ, ಕೆಳಗೆ ನನ್ನ ಹೆಸರು ಮಾತ್ರ ಹಾಕುವುದಿಲ್ಲ. ಏನು ಮಾಡಲಿ?
– ಓದುಗರು, ಬಾಗಲಕೋಟೆ

ನನಗೂ ಹಾಕಲಿಲ್ಲ. ಈ ಅಂಕಣದಲ್ಲೂ ಹಾಕಿಲ್ಲ, ಮೇಲೆ ನೋಡಿ.